ನಾಗವಲ್ಲಿ ಹೆಸರಿಗೆ ಬಾಡಿಗೆ ಇಲ್ಲ

ಹುಡುಗಿ ತಲೆ ಬಾಚದೆ, ಕಣ್ಣಿಗೆ ದಪ್ಪಗೆ ಕಾಡಿಗೆ ಮೆತ್ತಿಕೊಂಡು ಜಗುಲಿಗೆ ಬಂದರೆ ನಮ್ಮ ಕಡೂರು ಕಡೆ ಮನೆಯವರು ಈಗಲೂ ಕೇಳುವ ಮಾತೊಂದಿದೆ: "ಏನೇ, ನಾಗವಲ್ಲಿ ಬಂದವಳಾ ಮೈಮೇಲೆ?" ಇಪ್ಪತ್ತೈದು ವರ್ಷದ ಹಿಂದೆ ಈ ಮಾತು ಇರಲಿಲ್ಲ. ಆಗ ಮೋಹಿನಿ ಇದ್ದಳು, ಕೊಳ್ಳಿದೆವ್ವ ಇತ್ತು, ಹುಣಸೆಮರದಲ್ಲಿ ನೇತಾಡುವವರು ಇದ್ದರು. ಅವಕ್ಕೆ ಊರು ಕೇರಿ ಇತ್ತು, ಹೆಸರು ಇರುತ್ತಿದ್ದದ್ದು ಕಡಿಮೆ. ನಾಗವಲ್ಲಿ ಹಾಗಲ್ಲ. ಅವಳು ನಮ್ಮೂರುಗಳಿಗೆ ಬಂದ ತಾರೀಕನ್ನೇ ಹೇಳಬಹುದು. 2004ರ ಆಗಸ್ಟ್ 27, 'ಆಪ್ತಮಿತ್ರ' ಬಿಡುಗಡೆಯಾದ ದಿನ.

ಒಂದು ಸಿನಿಮಾದ ಪಾತ್ರ ಹೀಗೆ ಊರಿನ ದೆವ್ವವಾಗಿ ಬಿಡುವುದು ಸಣ್ಣ ಸಂಗತಿಯಲ್ಲ. ಅದಕ್ಕಿಂತ ಮುಖ್ಯ, ಆ ಹೆಸರನ್ನು ಆಮೇಲೆ ಯಾರು ಯಾರು ಹೇಗೆ ಬಳಸಿಕೊಂಡರು ಅನ್ನುವುದು. ದೆವ್ವದ ಮನೆಯ ಹೆಸರಿಗೆ ಬಾಡಿಗೆ ಕಟ್ಟಬೇಕಿಲ್ಲ. ಕಾಸಿಲ್ಲದ ನಿರ್ಮಾಪಕನಿಗೆ ಇದು ಚೆನ್ನಾಗಿ ಗೊತ್ತು.

ಕತೆ ನಿಮಗೆಲ್ಲ ಗೊತ್ತಿರುವುದೇ, ಆದರೂ ಒಂದು ವಿಷಯಕ್ಕಾಗಿ ನೆನಪು ಮಾಡಿಕೊಳ್ಳೋಣ. ಗಂಡ ಹೆಂಡತಿ ಒಂದು ಹಳೇ ಅರಮನೆಗೆ ಬಂದು ಇರುತ್ತಾರೆ. ಬೀಗ ಹಾಕಿದ ಕೋಣೆ, ಅದರೊಳಗೆ ನರ್ತಕಿ ನಾಗವಲ್ಲಿಯ ಚಿತ್ರ, ಒಡವೆ, ಗೆಜ್ಜೆ. ಅವಳನ್ನು ರಾಜ ಹೊತ್ತು ತಂದಿದ್ದ, ಅವಳ ಪ್ರಿಯಕರನನ್ನು ಕೊಂದಿದ್ದ, ಅವಳನ್ನೂ ಕೊಂದ. ಹೆಂಡತಿ ಗಂಗಾ ಕೋಣೆ ತೆಗೆಸುತ್ತಾಳೆ. ಆಮೇಲೆ ನಡೆಯುವುದಕ್ಕೆಲ್ಲ ಡಾಕ್ಟರ್ ವಿಜಯ್ ಕೊಡುವ ಉತ್ತರ ಏನು? ದೆವ್ವ ಅಲ್ಲ, ಕಾಯಿಲೆ. ಸತ್ತವಳು ಗಂಗಾಳ ಮೈಮೇಲೆ ಬಂದಿಲ್ಲ, ಗಂಗಾಳ ಮನಸ್ಸೇ ಸತ್ತವಳ ಕತೆಯನ್ನು ಹೊದ್ದುಕೊಂಡಿದೆ. ಅವಳನ್ನು ಗುಣ ಮಾಡುವುದು ಮನೋವೈದ್ಯ. ಆಚಾರ್ಯರೂ ಇರುತ್ತಾರೆ, ಹೋಮವೂ ಆಗುತ್ತದೆ, ಆದರೆ ಅದೆಲ್ಲ ಡಾಕ್ಟರ ಲೆಕ್ಕಾಚಾರದ ಒಳಗೆ. ಇಷ್ಟು ನೆನಪಿರಲಿ.

ಈ ಕತೆ ಕನ್ನಡದ್ದಲ್ಲ. 1993ರ ಕೊನೆಯಲ್ಲಿ ಬಂದ ಮಲಯಾಳಂನ 'ಮಣಿಚಿತ್ರತಾಳ್' ಇದರ ತಾಯಿಬೇರು. ಬರೆದವರು ಮಧು ಮುಟ್ಟಂ, ನಿರ್ದೇಶನ ಫಾಸಿಲ್. ಗಂಗಾಳ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಮುಟ್ಟಂ ಎಂಬುದು ಕೇರಳದ ಆಲಪ್ಪುಳ ಜಿಲ್ಲೆಯ ಹರಿಪ್ಪಾಡ್ ಹತ್ತಿರದ ಊರು. ಅಲ್ಲಿನ ಆಲುಮ್ಮೂಟ್ಟಿಲ್ ಎಂಬ ದೊಡ್ಡ ಮನೆತನದಲ್ಲಿ ಹಿಂದೆ ಯಾವಾಗಲೋ ನಡೆದ ದುರಂತವೇ ಕತೆಗೆ ಪ್ರೇರಣೆ ಎನ್ನುತ್ತಾರೆ. ಅಂದರೆ ಬುಡದಲ್ಲಿ ಒಂದು ನಿಜವಾದ ಮನೆ, ನಿಜವಾದ ಸಾವು ಇವೆ.

ಇಲ್ಲೊಂದು ತಮಾಷೆ ಗಮನಿಸಿ. ಮಲಯಾಳಂ ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. 2005ರಲ್ಲಿ ತಮಿಳಿಗೆ 'ಚಂದ್ರಮುಖಿ'ಯಾಗಿ ಹೋದಾಗಲೂ ಅವಳ ಹಾಡು ತೆಲುಗಿನಲ್ಲೇ ಇತ್ತು. 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ ಅವಳೇ ಬಂಗಾಳಿ ಮಾತಾಡುವ ಮಂಜುಲಿಕಾ. ಯಾವ ಭಾಷೆಯವರೂ ದೆವ್ವವನ್ನು ತಮ್ಮ ಮನೆಯವಳು ಅಂತ ಒಪ್ಪಲಿಲ್ಲ, ಪಕ್ಕದ ಊರಿನವಳೇ ಆಗಬೇಕು! ನಮ್ಮ ಹಳ್ಳಿಗಳಲ್ಲೂ ಮಾಟ ಮಾಡಿಸುವವರು ಯಾವಾಗಲೂ ಪಕ್ಕದೂರಿನವರೇ ತಾನೆ.

'ಆಪ್ತಮಿತ್ರ' ದ್ವಾರಕೀಶರನ್ನು ಮತ್ತೆ ಎತ್ತಿ ನಿಲ್ಲಿಸಿದ ಚಿತ್ರ. ಒಂದರ ಹಿಂದೊಂದು ಸೋಲು ಕಂಡಿದ್ದ ನಿರ್ಮಾಪಕನಿಗೆ ವರ್ಷಗಟ್ಟಲೆ ಓಡುವ ಚಿತ್ರ ಸಿಕ್ಕಿತು. ಆದರೆ ಹೆಸರಿಗೆ ಬಲ ಬಂದದ್ದು ಚಿತ್ರದ ಗುಣದಿಂದ ಮಾತ್ರವಲ್ಲ. ಗಂಗಾ ಪಾತ್ರ ಮಾಡಿದ ಸೌಂದರ್ಯ 2004ರ ಏಪ್ರಿಲ್ 17ರಂದು, ಚಿತ್ರ ತೆರೆಗೆ ಬರುವ ನಾಲ್ಕು ತಿಂಗಳ ಮೊದಲು, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚುನಾವಣಾ ಪ್ರಚಾರಕ್ಕೆಂದು ಹೊರಟಿದ್ದವರು. ಎರಡನೇ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿ 19ಕ್ಕೆ ಬಂತು, ಅದರ ನಾಯಕ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದೇ ಮೈಸೂರಿನಲ್ಲಿ ನಿಧನರಾಗಿದ್ದರು. ಎರಡೂ ಸಲ ಪರದೆಯ ಮೇಲೆ ಕಂಡದ್ದು ಆಗಲೇ ಇಲ್ಲವಾಗಿದ್ದವರ ಮುಖ.

ಆಗ ಹುಟ್ಟಿದ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: ನಾಗವಲ್ಲಿ ಬಲಿ ತಗೊಂಡಳು. ಒಂದು ವಿಮಾನ ಬಿದ್ದದ್ದು, ಇನ್ನೊಬ್ಬರಿಗೆ ಹೃದಯಾಘಾತವಾದದ್ದು. ಎರಡರ ನಡುವೆ ಐದೂವರೆ ವರ್ಷದ ಅಂತರ. ಅಷ್ಟು ವರ್ಷದಲ್ಲಿ ಆ ಚಿತ್ರಗಳಲ್ಲಿ ಕೆಲಸ ಮಾಡಿದ ನೂರಾರು ಜನ ಆರಾಮಾಗಿ ಇದ್ದರು, ಅವರ ಲೆಕ್ಕ ಯಾರೂ ಇಡಲಿಲ್ಲ. ಇದು ಆ ಇಬ್ಬರ ಸಾವಿಗೆ ಮಾಡಿದ ಅವಮಾನ ಅಂತಲೇ ನನ್ನ ಅಭಿಪ್ರಾಯ. ಆದರೆ ಗಾಂಧಿನಗರದ ಲೆಕ್ಕದಲ್ಲಿ ನೋಡಿದರೆ, ಒಂದು ರೂಪಾಯಿ ಖರ್ಚಿಲ್ಲದೆ ನಡೆದ ಪ್ರಚಾರ ಅದು. ಚಿತ್ರದೊಳಗೆ ಕಾಯಿಲೆ ಎಂದು ಡಾಕ್ಟರು ಹೇಳಿ ಮುಗಿಸಿದ್ದನ್ನು ಚಿತ್ರದ ಹೊರಗೆ ಊರೆಲ್ಲ ಸೇರಿ ದೆವ್ವ ಮಾಡಿತು.

ಅಲ್ಲಿಂದ ಮುಂದೆ ಹೆಸರಿಗೆ ಮನೆ ಬೇಕಾಗಲಿಲ್ಲ. 'ಆಪ್ತರಕ್ಷಕ'ದಲ್ಲಿ ಹಳೇ ಅರಮನೆಯ ಕೋಣೆಯಿಂದ ನಾಗವಲ್ಲಿಯನ್ನು ಹೊರಗೆ ತಂದದ್ದು ಒಂದು ಪಟ. ಅವಳ ವರ್ಣಚಿತ್ರ ಇನ್ನೊಂದು ಮನೆ ಸೇರುತ್ತದೆ, ತೊಂದರೆಯೂ ಅದರ ಹಿಂದೆಯೇ ಬರುತ್ತದೆ. ಅದೇ 2010ರ ಡಿಸೆಂಬರಿನಲ್ಲಿ ಈ ಚಿತ್ರ ತೆಲುಗಿಗೆ ಹೋದಾಗ ಶೀರ್ಷಿಕೆಯೇ 'ನಾಗವಲ್ಲಿ' ಆಯಿತು. ಇವು ದೊಡ್ಡ ದುಡ್ಡಿನ ಚಿತ್ರಗಳು, ಮೂರಕ್ಕೂ ಪಿ. ವಾಸು ಅವರೇ ನಿರ್ದೇಶಕರು, ಹಾಗಾಗಿ ಹೆಸರಿನ ಮೇಲೆ ಅವರಿಗೆ ಒಂದು ಹಕ್ಕು ಇತ್ತು ಅನ್ನಬಹುದು. ಆಮೇಲೆ ಬಂದದ್ದು ಸಣ್ಣ ದುಡ್ಡಿನವರು. 'ನಾಗವಲ್ಲಿ ವರ್ಸಸ್ ಆಪ್ತಮಿತ್ರರು' ಅಂತಲೇ ಒಂದು ಕನ್ನಡ ಚಿತ್ರ ಬಂತು, ಹೊಸಬರದ್ದು. ಪೋಸ್ಟರ್ ನೋಡಿದವನಿಗೆ ಎರಡು ದೊಡ್ಡ ಹೆಸರು ಒಟ್ಟಿಗೆ ಕಾಣುತ್ತವೆ, ವಿಷ್ಣುವರ್ಧನ್ ಮಾತ್ರ ಇರುವುದಿಲ್ಲ.

ಸಣ್ಣ ದುಡ್ಡಿನವರು ದೆವ್ವದ ಕಡೆಗೇ ಯಾಕೆ ಹೋಗುತ್ತಾರೆ ಅನ್ನುವುದನ್ನು ಸಿನಿಮಾದವರ ಕಣ್ಣಿನಿಂದ ನೋಡಿ. ಫೈಟಿಗೆ ದುಡ್ಡು ಬೇಕು, ಹಾಡಿಗೆ ಊಟಿಯೋ ಯುರೋಪೋ ಬೇಕು, ಪ್ರೇಮಕತೆಗೆ ಜನ ಗುರುತಿಸುವ ಮುಖ ಬೇಕು. ದೆವ್ವದ ಚಿತ್ರಕ್ಕೆ ಒಂದು ಮನೆ ಸಾಕು. ಕತ್ತಲಿದ್ದರೆ ಸೆಟ್ಟಿನ ಖರ್ಚು ಇಲ್ಲ. ನಾಲ್ಕೈದು ಜನ ಹೊಸ ಹುಡುಗ ಹುಡುಗಿಯರು ಒಂದೇ ಬಟ್ಟೆಯಲ್ಲಿ ರಾತ್ರಿಯೆಲ್ಲ ಓಡಾಡಿದರೂ ಕತೆಗೆ ಹೊಂದುತ್ತದೆ. ಹೆದರಿಸುವ ಕೆಲಸ ಬಹುಪಾಲು ಶಬ್ದದ್ದು, ಅದು ಸ್ಟುಡಿಯೋದಲ್ಲಿ ಕೂತು ಮಾಡುವುದು. ಎಲ್ಲ ಸರಿ, ಆದರೆ ಜನ ಟಿಕೆಟ್ ತಗೊಳ್ಳಲು ಒಂದು ಕಾರಣ ಬೇಕಲ್ಲ? ಸ್ಟಾರ್ ಇಲ್ಲದ ಕಡೆ ಆ ಕಾರಣವಾಗುವುದು ಹೆಸರು. ಜನಕ್ಕೆ ಮೊದಲೇ ಭಯ ಇರುವ ಹೆಸರು ಸಿಕ್ಕರೆ ಅರ್ಧ ಕತೆ ಹೇಳಿದಂತೆಯೇ.

ಹೆಸರು ಸಿಗದಿದ್ದರೆ 'ನಿಜವಾಗಿ ನಡೆದದ್ದು' ಅನ್ನುವ ಮಾತು. 2013ರ ನವೆಂಬರಿನಲ್ಲಿ ಬಂದ '6-5=2' ನಿಮಗೆ ನೆನಪಿರಬಹುದು. ಚಾರಣಕ್ಕೆ ಹೋದ ಆರು ಜನರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಅಂತ ಹೇಳಿಕೊಂಡ ಚಿತ್ರ. ಎಲ್ಲರೂ ಹೊಸ ಮುಖಗಳು, ಕೈಯಲ್ಲಿ ಹಿಡಿದ ಕ್ಯಾಮೆರಾ, ಅಲ್ಲಾಡುವ ಚಿತ್ರ. ಕಡಿಮೆ ಖರ್ಚಿನಲ್ಲಿ ಗೆದ್ದಿತು, ಹಿಂದಿಗೂ ಹೋಯಿತು. ಅದರ ದಾರಿ 1999ರ ಅಮೆರಿಕದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಹಾಕಿಕೊಟ್ಟದ್ದು. ಆ ಚಿತ್ರದಲ್ಲಿ ಬರ್ಕಿಟ್ಸ್‌ವಿಲ್ ಅನ್ನುವ ನಿಜವಾದ ಹಳ್ಳಿಯ ಹೆಸರು ಬಳಸಿದ್ದರು. ಮಾಟಗಾತಿ ಸಿನಿಮಾದವರು ಕಟ್ಟಿದ್ದು, ಹಳ್ಳಿ ಮಾತ್ರ ನಿಜ. ಚಿತ್ರ ನೋಡಿದ ಜನ ಹುಡುಕಿಕೊಂಡು ಬಂದು ಊರಿನ ನಾಮಫಲಕಗಳನ್ನೇ ಕದ್ದುಕೊಂಡು ಹೋದರು.

ಹೆಸರಿನ ವ್ಯಾಪಾರದಲ್ಲಿ ಎಲ್ಲರಿಗೂ ದೊಡ್ಡಪ್ಪ ಅಂದರೆ ಅಮೆರಿಕದ ಅಮಿಟಿವಿಲ್. ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು ಅದು. 1974ರ ನವೆಂಬರ್ 13ರ ಬೆಳಗಿನ ಜಾವ, ಓಷನ್ ಅವೆನ್ಯೂ ರಸ್ತೆಯ 112ನೇ ನಂಬರಿನ ಮನೆಯಲ್ಲಿ ರೊನಾಲ್ಡ್ ಡಿಫಿಯೊ ಎಂಬ 23 ವರ್ಷದವನು ಮಲಗಿದ್ದ ತನ್ನ ಅಪ್ಪ, ಅಮ್ಮ, ಇಬ್ಬರು ತಂಗಿಯರು, ಇಬ್ಬರು ತಮ್ಮಂದಿರನ್ನು ಗುಂಡು ಹೊಡೆದು ಕೊಂದ. ವರ್ಷ ಕಳೆದ ಮೇಲೆ, 1975ರ ಡಿಸೆಂಬರಿನಲ್ಲಿ, ಲಟ್ಜ್ ಎಂಬ ಸಂಸಾರ ಆ ಮನೆಗೆ ಬಂತು. 28 ದಿನಕ್ಕೆ ಬಿಟ್ಟು ಹೋಯಿತು. ಮನೆಯಲ್ಲಿ ದೆವ್ವ ಇದೆ ಎಂದರು. 1977ರಲ್ಲಿ ಜೇ ಆನ್ಸನ್ ಅದನ್ನು ಪುಸ್ತಕ ಮಾಡಿದರು, ಮುಖಪುಟದಲ್ಲೇ ನಿಜಕತೆ ಎಂದಿತ್ತು. 1979ರಲ್ಲಿ 'ದಿ ಅಮಿಟಿವಿಲ್ ಹಾರರ್' ಸಿನಿಮಾ. ಸುಮಾರು 47 ಲಕ್ಷ ಡಾಲರ್ ಹಾಕಿ ಮಾಡಿದ ಚಿತ್ರ ಅಮೆರಿಕದಲ್ಲೇ 8 ಕೋಟಿ ಡಾಲರಿಗೂ ಮೀರಿ ತಂದಿತು. ಅಮಿಟಿವಿಲ್ ಊರಿನವರು ಚಿತ್ರೀಕರಣಕ್ಕೆ ಒಪ್ಪದ ಕಾರಣ ಶೂಟಿಂಗ್ ನಡೆದದ್ದು ಪಕ್ಕದ ನ್ಯೂಜೆರ್ಸಿ ರಾಜ್ಯದ ಬೇರೆ ಮನೆಯಲ್ಲಿ.

ಅದೇ 1979ರಲ್ಲಿ, ಕೊಲೆಗಾರನ ವಕೀಲರಾಗಿದ್ದ ವಿಲಿಯಂ ವೆಬರ್ ಬಾಯಿ ಬಿಟ್ಟರು. ಈ ದೆವ್ವದ ಕತೆಯನ್ನು ತಾವೂ ಲಟ್ಜ್ ದಂಪತಿಯೂ ಸೇರಿ ವೈನ್ ಕುಡಿಯುತ್ತಾ ಕೂತು ಹೆಣೆದದ್ದು ಎಂದು. ಲಟ್ಜ್ ದಂಪತಿ ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಹೆಸರು ಊರು ಬಿಟ್ಟು ಹೋಗಿತ್ತು, ಯಾರು ಏನು ಹೇಳಿದರೂ ಅದಕ್ಕೆ ಕೇಳಿಸುವಂತಿರಲಿಲ್ಲ.

1977ರಲ್ಲಿ ಆ ಮನೆ ಕೊಂಡುಕೊಂಡ ಕ್ರೊಮಾರ್ಟಿ ದಂಪತಿಯ ಪಾಡು ಕೇಳಿ. ಹತ್ತು ವರ್ಷ ಅಲ್ಲೇ ಬಾಳಿದರು. ದೆವ್ವದ ಕಾಟ ಒಂದು ದಿನವೂ ಇರಲಿಲ್ಲ, ಇದ್ದದ್ದು ಜನರ ಕಾಟ. ಪುಸ್ತಕ ಓದಿದವರು, ಸಿನಿಮಾ ನೋಡಿದವರು ಹಗಲೂ ರಾತ್ರಿ ಬಂದು ಮನೆ ಮುಂದೆ ನಿಲ್ಲುತ್ತಿದ್ದರು. ಕೊನೆಗೆ ಲೇಖಕ, ಪ್ರಕಾಶಕ, ಲಟ್ಜ್ ದಂಪತಿ ಎಲ್ಲರ ಮೇಲೂ ಕೋರ್ಟಿಗೆ ಹೋದರು, ಅದು ರಾಜಿಯಲ್ಲಿ ಮುಗಿಯಿತು. ಮನೆಯ ನಂಬರ್ ಬದಲಾಯಿಸಬೇಕಾಯಿತು. ಪೋಸ್ಟರಿನಲ್ಲಿ ಕಣ್ಣಿನ ಹಾಗೆ ಕಾಣುತ್ತಿದ್ದ ಅಟ್ಟದ ಎರಡು ಕಿಟಕಿಗಳನ್ನೂ ತೆಗೆಸಿ ಬೇರೆ ಆಕಾರದವನ್ನು ಇಡಿಸಿದರು.

ಸಿನಿಮಾಗಳು ನಿಲ್ಲಲಿಲ್ಲ. ಮೊದಲ ಮೂರು ದೊಡ್ಡವರು ಮಾಡಿದ್ದು. ಆಮೇಲೆ ನಾಗವಲ್ಲಿಯ ಪಟದ ಉಪಾಯವೇ ನಡೆಯಿತು, ಅದೂ ನಮಗಿಂತ ಇಪ್ಪತ್ತು ವರ್ಷ ಮೊದಲು. 1989ರ ಚಿತ್ರದಲ್ಲಿ ಆ ಮನೆಯ ಒಂದು ದೀಪ ಬೇರೆ ಊರಿಗೆ ಹೋಗುತ್ತದೆ, ದೆವ್ವವೂ ಜೊತೆಗೆ. 1992ರದ್ದರಲ್ಲಿ ಗಡಿಯಾರ. 1993ರದ್ದರಲ್ಲಿ ಕನ್ನಡಿ. 1996ರದ್ದರಲ್ಲಿ ಮಕ್ಕಳು ಆಡುವ ಗೊಂಬೆಮನೆ. ಸಂತೆಯಲ್ಲಿ ಹಳೇ ಸಾಮಾನು ಮಾರಿದಂತೆ ಒಂದೊಂದನ್ನೇ ಮಾರಿದರು. ದೀಪ ಸಾಗಿಸಿದರೆ ಆ ಮನೆಯನ್ನು ತೋರಿಸಬೇಕಿಲ್ಲ, ಯಾವ ಊರಿನಲ್ಲಿ ಬೇಕಾದರೂ ಶೂಟಿಂಗ್ ಮಾಡಬಹುದು. ಖರ್ಚು ಉಳಿತಾಯ.

2010ರ ನಂತರ ಕ್ಯಾಮೆರಾ ಅಗ್ಗವಾಯಿತು, ಇಂಟರ್‌ನೆಟ್ಟಿನಲ್ಲಿ ಸಿನಿಮಾ ಹಾಕುವ ದಾರಿ ತೆರೆಯಿತು. ಆಗ ಸಾಮಾನೂ ಬೇಡವಾಯಿತು, ಹೆಸರೊಂದೇ ಸಾಕಾಯಿತು. ಅಮಿಟಿವಿಲ್ ಎಂದು ಶುರುವಾಗುವ ಡಜನ್‌ಗಟ್ಟಲೆ ಚಿತ್ರಗಳು ಬಂದವು. 2022 ಒಂದೇ ವರ್ಷದಲ್ಲಿ 'ಅಮಿಟಿವಿಲ್ ಇನ್ ಸ್ಪೇಸ್', 'ಅಮಿಟಿವಿಲ್ ಕ್ಯಾರೆನ್', 'ಅಮಿಟಿವಿಲ್ ಥ್ಯಾಂಕ್ಸ್‌ಗಿವಿಂಗ್'. ಬಾಹ್ಯಾಕಾಶಕ್ಕೂ ಹೋಯಿತು ದೆವ್ವದ ಮನೆ! ಅಮಿಟಿವಿಲ್ ಒಂದು ಊರಿನ ಹೆಸರು, ಅದನ್ನು ಯಾರೂ ನನ್ನದು ಎನ್ನಲಾಗದು. ಬೀರೂರು ಅನ್ನುವ ಹೆಸರಿಟ್ಟು ನೀವು ನಾಳೆ ಹತ್ತು ಕಿರುಚಿತ್ರ ಮಾಡಿದರೆ ಬೀರೂರಿನವರು ಯಾರೂ ಕೇಸ್ ಹಾಕಲಾಗದು, ಹಾಗೆ.

ನಮ್ಮ ದೇಶದಲ್ಲೂ ಕಾನೂನು ಹೆಚ್ಚುಕಡಿಮೆ ಇದೇ. 'ದೇಸಿ ಬಾಯ್ಸ್' ಎಂಬ ಹಿಂದಿ ಚಿತ್ರದ ಹೆಸರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು: ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ. ಕನ್ನಡದಲ್ಲಿ ಚಿತ್ರದ ಹೆಸರನ್ನು ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವ ಪದ್ಧತಿ ಇದೆ, ಒಂದೇ ಹೆಸರಿಗೆ ಇಬ್ಬರು ಬೀಳದಿರಲಿ ಅಂತ. ಅದು ವ್ಯಾಪಾರದವರು ತಮ್ಮೊಳಗೆ ಮಾಡಿಕೊಂಡ ಏರ್ಪಾಟು. ಹೆಸರಿಗೆ ಹಿಂದೆ ಒಂದು, ಮುಂದೆ ಒಂದು ಪದ ಸೇರಿಸಿದರೆ ಅದು ಹೊಸ ಹೆಸರು.

ಊರಿನ ಹೆಸರಿನ ವಿಷಯ ಬಂದಾಗ ರಾಜಸ್ಥಾನದ ಭಾನಗಢ ಕೋಟೆಯನ್ನು ಬಿಡಲಾಗದು. ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗಬಾರದು ಎಂದು ಸರ್ಕಾರವೇ ಬೋರ್ಡ್ ಹಾಕಿದೆ, ಹಾಗಾದರೆ ದೆವ್ವ ಇರಲೇಬೇಕು ಅನ್ನುವ ವಾದ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. 2014ರಲ್ಲಿ 'ಟ್ರಿಪ್ ಟು ಭಾನಗಢ' ಎಂಬ ಸಣ್ಣ ಬಜೆಟ್ಟಿನ ಹಿಂದಿ ಚಿತ್ರವೂ ಬಂತು. ಆ ಬೋರ್ಡ್ ಹಾಕಿರುವುದು ಪುರಾತತ್ವ ಇಲಾಖೆ. ಸಂರಕ್ಷಿತ ಸ್ಮಾರಕಗಳಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಪ್ರವೇಶ ಎಂಬುದು ಇಲಾಖೆಯ ಸಾಮಾನ್ಯ ನಿಯಮ. ನಮ್ಮ ತರೀಕೆರೆ ಪಕ್ಕದ ಅಮೃತಾಪುರದ ಅಮೃತೇಶ್ವರ ದೇವಸ್ಥಾನ, 1196ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು, ಅದೇ ಇಲಾಖೆಯ ರಕ್ಷಣೆಯಲ್ಲೇ ಇದೆ. ಅಲ್ಲಿ ಯಾರೂ ದೆವ್ವ ಹುಡುಕಿಲ್ಲ. ಪುಣ್ಯ.

ನಮ್ಮದೇ ಒಂದು ಹೆಸರು ಹೀಗೆ ಕೈಬಿಟ್ಟು ಹೋದದ್ದೂ ಉಂಟು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಹಳ್ಳಿಗಳಲ್ಲೂ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಕತೆ ನಲವತ್ತು ದಾಟಿದವರಿಗೆಲ್ಲ ಗೊತ್ತು. ರಾತ್ರಿ ಗೊತ್ತಿರುವವರ ದನಿಯಲ್ಲಿ ಕರೆಯುವ ಹೆಣ್ಣುದೆವ್ವ, ಓದಿಕೊಂಡು ವಾಪಸ್ ಹೋಗುತ್ತದೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತದೆ. 2018ರಲ್ಲಿ ಹಿಂದಿಯ 'ಸ್ತ್ರೀ' ಈ ಕತೆಯನ್ನೇ ಮಧ್ಯಪ್ರದೇಶದ ಚಂದೇರಿ ಎಂಬ ಊರಿಗೆ ಸಾಗಿಸಿತು. ಸಾಧಾರಣ ಬಜೆಟ್ಟಿನ ಚಿತ್ರ, ದೊಡ್ಡದಾಗಿ ಗೆದ್ದಿತು. ಅದರ ಎರಡನೇ ಭಾಗ 2024ರಲ್ಲಿ ಅತಿ ಹೆಚ್ಚು ಗಳಿಸಿದ ಹಿಂದಿ ಚಿತ್ರಗಳಲ್ಲಿ ಒಂದು. 'ನಾಳೆ ಬಾ' ಬರೆದದ್ದು ಇದ್ದಿಲಿನಲ್ಲೋ ಸುಣ್ಣದಲ್ಲೋ ನಮ್ಮ ಅಜ್ಜಿಯರು. ಅವರಿಗೆ ಯಾವ ಪಾಲೂ ಇಲ್ಲ, ಕೇಳುವವರೂ ಇಲ್ಲ. ಇದರಲ್ಲಿ ಯಾರಿಗೂ ನೋವಾಗಲಿಲ್ಲ ಬಿಡಿ, ಹಾಗಾಗಿ ನನಗೆ ಬೇಜಾರಿಲ್ಲ. ಕತೆ ಇರುವುದೇ ಊರೂರು ತಿರುಗಲಿ ಅಂತ.

ಬೇಜಾರಾಗುವುದು ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ 'ಟೆರ್ರಾ ವೆರಾ' ಎಂಬ ಮನೆಯ ವಿಷಯಕ್ಕೆ. 1943ರಲ್ಲಿ ಕಟ್ಟಿದ ಬಂಗಲೆ. ಅಪ್ಪ ಕಟ್ಟಿಸಿದ ಮನೆಯಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರೇ ಇದ್ದರು. 2002ರಲ್ಲಿ ಯಾರೋ ನುಗ್ಗಿ ಒಬ್ಬರನ್ನು ಇರಿದು ಕೊಂದರು. ಉಳಿದವರು ಮನೆ ಬಿಟ್ಟು ಹೋದರು. ಖಾಲಿ ಮನೆ ಕೆಲವೇ ವರ್ಷದಲ್ಲಿ ಬೆಂಗಳೂರಿನ ಪ್ರಸಿದ್ಧ ದೆವ್ವದ ಮನೆಯಾಯಿತು. ರಾತ್ರಿ ಗೋಡೆ ಹಾರಿ ಹೋಗುವವರು, ಫೋಟೊ ತೆಗೆಯುವವರು, 'ಟಾಪ್ ಟೆನ್' ಪಟ್ಟಿ ಮಾಡುವವರು. ಮನೆಯನ್ನು 2014ರಲ್ಲಿ ಕೆಡವಿದರು. ಇಂಟರ್‌ನೆಟ್ಟಿನ ಪಟ್ಟಿಗಳಲ್ಲಿ ಅದು ಇನ್ನೂ ನಿಂತೇ ಇದೆ. ಒಬ್ಬ ಮುದುಕಿಯ ಕೊಲೆಯಾಯಿತು ಅನ್ನುವುದು ಆ ಪಟ್ಟಿಗಳಲ್ಲಿ ಒಂದು ಸಾಲು. ಅಮಿಟಿವಿಲ್‌ನಲ್ಲಿ ಸತ್ತ ನಾಲ್ಕು ಮಕ್ಕಳ ಹೆಸರು ಆ ಡಜನ್ ಚಿತ್ರ ನೋಡಿದವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ನಮ್ಮ ತಾಲೂಕುಗಳಿಗೆ ಬರೋಣ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರಲ್ಲಿ ಯಾವ ಹೋಬಳಿಗೆ ಹೋದರೂ ಬಾಗಿಲು ಮುಚ್ಚಿದ ಒಂದು ದೊಡ್ಡ ಮನೆ ಇರುತ್ತದೆ. ತೊಟ್ಟಿಯಲ್ಲಿ ಅರಳಿ ಗಿಡ ಎದ್ದಿರುತ್ತದೆ, ಹೆಂಚು ಜಾರಿರುತ್ತವೆ. ಆ ಮನೆ ಯಾಕೆ ಖಾಲಿಯಾಯಿತು ಅಂತ ಹಿರಿಯರನ್ನು ಕೂರಿಸಿ ಕೇಳಿದರೆ ಸಿಗುವ ಉತ್ತರದಲ್ಲಿ ದೆವ್ವ ಕೊನೆಗೆ ಬರುತ್ತದೆ. ಮೊದಲು ಬರುವುದು ಇತಿಹಾಸ.

ಪ್ಲೇಗು ಮೈಸೂರು ಸಂಸ್ಥಾನಕ್ಕೆ ಬಂದದ್ದು 1898ರಲ್ಲಿ. ಇಲಿ ಬಿದ್ದ ಕೂಡಲೇ ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಕೆಲವರು ಹಿಂದಿರುಗಿದರು, ಕೆಲವು ಮನೆಗಳಲ್ಲಿ ಹಿಂದಿರುಗಲು ಯಾರೂ ಉಳಿಯಲಿಲ್ಲ. ಆಮೇಲೆ 1918ರ ಇನ್‌ಫ್ಲುಯೆಂಜಾ. ತರೀಕೆರೆಯಿಂದ ಮೇಲೆ ಮಲೆನಾಡಿನ ಅಂಚಿಗೆ ಹೋದರೆ ಮಲೇರಿಯಾ. ಚಳಿಜ್ವರದ ಸೀಮೆ ಅಂತಲೇ ಹೆಣ್ಣು ಕೊಡಲು ಹೆದರುತ್ತಿದ್ದ ಊರುಗಳಿದ್ದವು. ಆಗಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರಿನ, ಮಲೆನಾಡು ಹಳ್ಳಿಗಳಲ್ಲಿ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಜನ ಕಡಿಮೆಯಾಗುತ್ತಾ ಹೋದರು. ಕಂದಾಯ ದಾಖಲೆಯಲ್ಲಿ ಜನ ಇಲ್ಲದ ಊರಿಗೆ 'ಬೇಚರಾಕ್' ಎನ್ನುತ್ತಾರೆ, ನಿಮ್ಮ ಪಹಣಿಯಲ್ಲಿ ಅಂಥ ಊರಿನ ಹೆಸರು ಈಗಲೂ ಇರಬಹುದು. ಊರು ಹೋದರೂ ಸರ್ವೆ ನಂಬರ್ ಉಳಿಯುತ್ತದೆ.

ಇತ್ತೀಚಿನ ಕಾರಣಗಳು ಇನ್ನೂ ಸಾಮಾನ್ಯ. ಅಣ್ಣತಮ್ಮಂದಿರ ಪಾಲುಪಟ್ಟಿಯ ಕೇಸು ಕೋರ್ಟಿನಲ್ಲಿದೆ, ಯಾರೂ ರಿಪೇರಿ ಮಾಡಿಸುವುದಿಲ್ಲ. ತೋಟ ಒಣಗಿತು, ಬೋರ್ ಬತ್ತಿತು, ಮಕ್ಕಳು ಬೆಂಗಳೂರಿಗೆ ಹೋದರು. ಅಥವಾ, ಹೇಳಲು ಕಷ್ಟವಾದದ್ದು, ಆ ಮನೆಯ ಸೊಸೆ ಬಾವಿಗೆ ಬಿದ್ದಳು, ಯಾಕೆ ಅಂತ ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ದೆವ್ವದ ಕತೆ ಹೆಚ್ಚಾಗಿ ಹುಟ್ಟುವುದು ಈ ಕೊನೆಯ ಬಗೆಯ ಮನೆಗಳಲ್ಲೇ. "ಅವಳು ಓಡಾಡ್ತಾಳೆ" ಅಂದರೆ ಸಾಕು, "ಅವಳು ಯಾಕೆ ಸತ್ತಳು" ಅಂತ ಕೇಳುವ ಅಗತ್ಯ ಇರುವುದಿಲ್ಲ. ನಾಗವಲ್ಲಿಯ ಕತೆಯೂ ಅದೇ ಅಲ್ಲವೇ? ಹೊತ್ತು ತಂದವನು ರಾಜ, ಕೊಂದವನು ರಾಜ, ದೆವ್ವ ಅಂತ ಹೆಸರು ಬಂದದ್ದು ಅವಳಿಗೆ.

ಈಗ ಇಂಥ ಮನೆಗಳಿಗೆ ಫೋನು ಬಂದಿದೆ. ರಾತ್ರಿ ಹನ್ನೆರಡಕ್ಕೆ ಟಾರ್ಚ್ ಹಿಡಿದು ನುಗ್ಗುವುದು, ಉಸಿರು ಜೋರಾಗಿ ಬಿಡುವುದು, ಬಾವಲಿ ಹಾರಿದರೆ ಕಿರುಚುವುದು, ಮೇಲೆ 'ನಿಜವಾದ ನಾಗವಲ್ಲಿ ಮನೆ' ಅಂತ ಹೆಸರು ಕೊಟ್ಟು ಹಾಕುವುದು. ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ರಾಮ್‌ಸೆ ಸಹೋದರರು 1984ರಲ್ಲಿ 'ಪುರಾನಾ ಮಂದಿರ್' ಮಾಡಿದಾಗಲೂ ಇಷ್ಟೇ ಮಾಡಿದ್ದು: ಕಡಿಮೆ ದುಡ್ಡು, ಹಳೇ ಕಟ್ಟಡ, ಸಣ್ಣ ಊರಿನ ಟಾಕೀಸು. ಅವರಿಂದ ಹೊಸ ಪ್ರತಿಭೆ ಹುಟ್ಟಲೂಬಹುದು. ಆದರೆ ರಾಮ್‌ಸೆಯವರ ಮಂದಿರ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಫೋನಿನ ವಿಡಿಯೋದಲ್ಲಿ ಊರಿನ ಹೆಸರು ಇರುತ್ತದೆ, ರಸ್ತೆ ಕಾಣುತ್ತದೆ, ಎದುರು ಮನೆಯ ನೀಲಿ ಬಾಗಿಲು ಕಾಣುತ್ತದೆ.

ಆ ವಿಡಿಯೋ ನೋಡುವವರಲ್ಲಿ ಮನೆ ಕೊಳ್ಳಲು ಬಂದವನೂ ಇರುತ್ತಾನೆ. ಕ್ರೊಮಾರ್ಟಿ ದಂಪತಿಗೆ ಕಿಟಕಿ ಬದಲಾಯಿಸುವಷ್ಟು ದುಡ್ಡಿತ್ತು, ಕೋರ್ಟಿಗೆ ಹೋಗುವ ಶಕ್ತಿ ಇತ್ತು. ಊರಲ್ಲಿ ಒಂಟಿಯಾಗಿ ಉಳಿದ ವಿಧವೆಗೆ ಇರುವ ಆಸ್ತಿ ಅದೊಂದೇ ಮನೆಯಾಗಿದ್ದರೆ, ದೆವ್ವದ ಹೆಸರು ಅಂಟಿದ ಮೇಲೆ ಬರುವ ಗಿರಾಕಿ ಅರ್ಧ ಬೆಲೆಗೆ ಕೇಳುತ್ತಾನೆ. ಅಷ್ಟಕ್ಕೇ ನಿಂತರೆ ಪರವಾಗಿಲ್ಲ. ಅವಳನ್ನೇ ಬೇರೆ ಥರ ನೋಡಲು ಶುರುಮಾಡುತ್ತಾರೆ. ಮಾಟಗಾತಿ ಎಂಬ ಮಾತು ಒಬ್ಬ ಒಂಟಿ ಹೆಂಗಸಿನ ಮೇಲೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ.

ಇದರ ಜೊತೆಗೆ ಇನ್ನೊಂದು. ಹೆಸರು ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರುವಾ‌ಗ ಮೊದಲು ಬಿದ್ದುಹೋದದ್ದು ಡಾಕ್ಟರು. 'ಮಣಿಚಿತ್ರತಾಳ್', 'ಆಪ್ತಮಿತ್ರ', 'ಚಂದ್ರಮುಖಿ', ಮೊದಲ 'ಭೂಲ್ ಭುಲಯ್ಯಾ' ನಾಲ್ಕರಲ್ಲೂ ಅದು ಕಾಯಿಲೆ. 2022ರ 'ಭೂಲ್ ಭುಲಯ್ಯಾ 2'ರಲ್ಲಿ ಮಂಜುಲಿಕಾ ನಿಜವಾದ ದೆವ್ವ. 2023ರ 'ಚಂದ್ರಮುಖಿ 2'ರಲ್ಲೂ ದೆವ್ವವೇ. ಸಣ್ಣ ಬಜೆಟ್ಟಿನವರನ್ನಂತೂ ಕೇಳುವುದೇ ಬೇಡ, ದೆವ್ವ ಇಲ್ಲ ಅಂದರೆ ಅವರ ಕ್ಲೈಮ್ಯಾಕ್ಸೇ ಇಲ್ಲ. ಕಾಯಿಲೆ ತೋರಿಸಲು ನಟನೆ ಬೇಕು, ದೆವ್ವ ತೋರಿಸಲು ಬಿಳಿ ಕಣ್ಣಿನ ಲೆನ್ಸ್ ಸಾಕು.

ನಮ್ಮ ಹಳ್ಳಿಗಳಲ್ಲಿ ಗಂಗಾಳಂಥವರು ಇದ್ದಾರೆ. ಮದುವೆಯಾಗಿ ಬಂದ ಹೊಸತರಲ್ಲಿ, ಹೆರಿಗೆಯಾದ ಮೇಲೆ, ಮನೆಯಲ್ಲಿ ಒಂದು ಸಾವಾದ ಮೇಲೆ ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ ಮಾತಾಡುವವರು, ಮೈಮೇಲೆ ಬಂದವರು. ಅವರನ್ನು ಮೊದಲು ಕರೆದೊಯ್ಯುವುದು ಎಲ್ಲಿಗೆ ಅಂತ ನಿಮಗೆ ಗೊತ್ತು. ಬೇವಿನ ಸೊಪ್ಪು, ಹೊಗೆ, ಕೆಲವು ಕಡೆ ಹೊಡೆತ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಕಟ್ಟಿಹಾಕುವುದು ಈಗ ಅಪರಾಧ. ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಇನ್ನು ಹಳ್ಳಿಗೇ ಮನೋವೈದ್ಯ ಸೇವೆ ಬರಬೇಕು ಎನ್ನುವ ಯೋಚನೆ ಬೆಳೆದದ್ದೂ ನಮ್ಮ ರಾಜ್ಯದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ್ ವಿಜಯ್ ಕಾರಿನಲ್ಲಿ ಬಂದು ಇಳಿಯುವವರೆಗೆ ಕಾಯಬೇಕಿಲ್ಲ.

2024ರ ಆಗಸ್ಟಿನಲ್ಲಿ ಕೇರಳದವರು 'ಮಣಿಚಿತ್ರತಾಳ್' ಚಿತ್ರವನ್ನು ಹೊಸದಾಗಿ ತೊಳೆದು ಮತ್ತೆ ಥಿಯೇಟರಿಗೆ ತಂದರು. ಅದೇ ವರ್ಷದ ದೀಪಾವಳಿಗೆ 'ಭೂಲ್ ಭುಲಯ್ಯಾ 3' ಬಂತು. ಮೂವತ್ತು ವರ್ಷದ ಅಂತರದ ಎರಡು ಚಿತ್ರ, ಒಂದೇ ಬೇರು. ಹಳೆಯದರಲ್ಲಿ ಗಂಗಾ ಗುಣವಾಗುತ್ತಾಳೆ, ಗಂಡನ ಜೊತೆ ತನ್ನ ಊರಿಗೆ ಹೊರಡುತ್ತಾಳೆ. ಅವಳ ಮುಂದಿನ ಕತೆಯನ್ನು ಯಾರೂ ಸಿನಿಮಾ ಮಾಡಿಲ್ಲ.